ನೆಲ ಸಿಕ್ಕವರು, ನಾಡು ಸಿಕ್ಕವರು

ಕಳೆದ ಕಾರ್ತಿಕದ ಕಡೆಯ ಸೋಮವಾರ ಚೌಳಹಿರಿಯೂರಿನ ನಮ್ಮ ಹಳೆಯ ಸ್ನೇಹಿತರೊಬ್ಬರ ಮನೆಗೆ ಪೂಜೆ ಪ್ರಸಾದಗಳಿಗೆಂದು ಹೋಗಿದ್ದೆವು. ಪ್ರಸಾದವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆಯ ತಟ್ಟೆಯ ಸುತ್ತ ನಾಲ್ಕಾರು ಜನ ಹಿರಿಯರು ಕುಳಿತಿದ್ದರು. ಮನೆಯ ಸೊಸೆ ಹಿಂದಿನ ದಿನ ಕಡೂರಿನಿಂದ ಮಕ್ಕಳಿಗೆ ತಂದಿದ್ದ ಉಣ್ಣೆಯ ಸ್ವೆಟರುಗಳನ್ನು ಅತ್ತೆಗೆ ತೋರಿಸುತ್ತಿದ್ದಳು. ಚಳಿಗಾಲ ಬಂದೊಡನೆ ನಮ್ಮ ಪೇಟೆಗಳಲ್ಲಿ ಸಾಲಾಗಿ ಅಂಗಡಿ ಹೂಡುವ ಟಿಬೆಟಿನವರಿಂದ ಕೊಂಡವು ಅವು. ಅದನ್ನು ಕಂಡು ಮನೆಯ ಯಜಮಾನರು ಮಾತು ತೆಗೆದರು.

"ನೋಡಿ ಶಾಸ್ತ್ರಿಗಳೇ, ಉಟ್ಟ ಬಟ್ಟೆಯಲ್ಲಿ ಬಂದ ಜನ ಇವರು. ಇವತ್ತು ಬೈಲಕುಪ್ಪೆಯಲ್ಲಿ ಚಿನ್ನದ ಗುಡಿ ಕಟ್ಟಿದ್ದಾರೆ. ನಮ್ಮ ಅಳಿಯಂದಿರು ಸುಳ್ಯದ ಕಡೆ ನೌಕರಿಯಲ್ಲಿದ್ದಾರಲ್ಲ, ಅಲ್ಲಿ ಸಿಲೋನಿನಿಂದ ಬಂದ ತಮಿಳರ ಕಾಲೋನಿಗಳಿವೆಯಂತೆ. ಅವರೂ ಹೊರಗಿನಿಂದ ಬಂದವರೇ. ಐವತ್ತು ವರ್ಷ ಆಯ್ತು, ಇನ್ನೂ ರಬ್ಬರ್ ತೋಟದ ಕೂಲಿಯೇ. ಎಲ್ಲಾ ಹುಟ್ಟುಗುಣ ಅನ್ನಬೇಕು."

ಕುಳಿತವರು ತಲೆದೂಗಿದರು. ನಾವು ಆಗ ಏನನ್ನೂ ಹೇಳಲಿಲ್ಲ. ಏಕೆಂದರೆ ಒಂದು ಕಾಲಕ್ಕೆ ನಮ್ಮ ಮನಸ್ಸಿನಲ್ಲಿಯೂ ಇದೇ ಮಾತು ಇದ್ದಿತು. ಎರಡೂ ಊರುಗಳನ್ನು ಕಣ್ಣಾರೆ ಕಂಡ ಮೇಲೆ ಅದು ಕರಗಿತು. ಹೇಗೆ ಕರಗಿತೆಂಬುದನ್ನು ಜಗಲಿಯ ಮಾತಿನಲ್ಲಿ ಹೇಳಿ ಮುಗಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ಟಿಬೆಟಿನವರ ಸಂಗತಿ. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಹಿಮಾಲಯವನ್ನು ದಾಟಿ ಬಂದವರು ಸುಮಾರು 80 ಸಾವಿರ ಜನ. ಅಸ್ಸಾಮಿನ ಮಿಸ್ಸಾಮಾರಿ ಮೊದಲಾದ ಶಿಬಿರಗಳ ಸೆಕೆಯಲ್ಲಿ ಅನೇಕರು ಕಾಯಿಲೆ ಬಿದ್ದು ಸತ್ತರು. ಉಳಿದವರು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆದರು. ಅವರಿಗೆ ನೆಲ ಕೊಡುವಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದುದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲ ಅವರಿಗೆ ದೊರೆಯಿತು. 1960-61ರಲ್ಲಿ ಮೊದಲ ತಂಡಗಳು ಬಂದಿಳಿದವು. ಮುಂದೆ 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ ಹೀಗೆ ನೆಲೆಗಳು ಬೆಳೆದವು. ನಮ್ಮ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಅವರು ಕೃತಜ್ಞತೆಯಿಂದ ಸ್ಮರಿಸುತ್ತ ಬಂದಿರುವುದು ನಾಡಿಗೆ ಗೊತ್ತಿರುವ ಸಂಗತಿ.

ಬಂದವರ ಪಾಡು ಸುಲಭದ್ದಾಗಿರಲಿಲ್ಲ. ಚಳಿನಾಡಿನ ಜನ ಬಿಸಿಲಿನಲ್ಲಿ ಬಿದಿರುಮೆಳೆ ಕಡಿದು ಹೊಲ ಮಾಡಬೇಕಿತ್ತು. ರಾತ್ರಿ ಆನೆಗಳ ಕಾಟ. ಬಾರ್ಲಿ ಬೆಳೆಯುತ್ತಿದ್ದವರು ಮೆಕ್ಕೆಜೋಳ ಕಲಿಯಬೇಕಿತ್ತು. ಮೊದಲ ವರ್ಷಗಳಲ್ಲಿ ಬೆಳೆ ಕೈಕೊಟ್ಟಿತು. ಆದರೆ ಅವರ ಬೆನ್ನ ಹಿಂದೆ ನಾಲ್ಕು ಆಸರೆಗಳಿದ್ದವು. ಒಂದು, ನೆಲ, ಒಡೆತನದ್ದಲ್ಲವಾದರೂ ಉಳಲು ತಲೆಗೆ ಸುಮಾರು ಒಂದು ಎಕರೆಯ ನೆಲ. ಎರಡು, ಒಗ್ಗಟ್ಟು; ಅವರನ್ನು ಚದುರಿಸದೆ ಊರುಊರಾಗಿ ಕೂರಿಸಲಾಯಿತು, ಅವರ ಮುಖಂಡರೇ ಅವರ ವ್ಯವಹಾರ ನೋಡಿಕೊಂಡರು, ಸಹಕಾರ ಸಂಘ ಕಟ್ಟಿ ಬೀಜ ಗೊಬ್ಬರಗಳಿಂದ ಟ್ರ್ಯಾಕ್ಟರಿನವರೆಗೆ ಒಟ್ಟಾಗಿ ನಡೆಸಿದರು. ಮೂರು, ಶಾಲೆ, ಅವರ ಮಕ್ಕಳಿಗೆಂದೇ ಭಾರತ ಸರಕಾರವು 1961ರಲ್ಲಿ ಪ್ರತ್ಯೇಕ ಶಾಲಾ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು. ನಾಲ್ಕು, ನೆರವು, ಸ್ವಿಟ್ಜರ್ಲೆಂಡಿನಂಥ ದೇಶಗಳು ಹಣವನ್ನೂ ತಜ್ಞರನ್ನೂ ಕಳಿಸಿದವು. ಈ ಪುನರ್ವಸತಿಗೆ ಸಹಾಯವಾಗಲೆಂದೇ 1968ರಲ್ಲಿ ಮೈರಾಡ ಎಂಬ ಸಂಸ್ಥೆ ಹುಟ್ಟಿತು.

ನಾವು ವಿದ್ಯಾರ್ಥಿಗಳಾಗಿದ್ದಾಗ, 1980ರ ದಶಕದ ಆರಂಭದಲ್ಲಿ, ಬೌದ್ಧ ತರ್ಕಶಾಸ್ತ್ರವನ್ನು ಅವರು ಹೇಗೆ ಪಾಠ ಹೇಳುತ್ತಾರೆಂದು ನೋಡುವ ಆಸೆಯಿಂದ ಬೈಲಕುಪ್ಪೆಗೆ ಹೋಗಿದ್ದೆವು. ಲಾಸಾದ ಬಳಿಯಲ್ಲಿದ್ದ ಸೆರಾ ವಿಹಾರವನ್ನು ಅವರು ಅಲ್ಲಿ ಮತ್ತೆ ಕಟ್ಟಿಕೊಂಡಿದ್ದರು. ಅಂಗಳದಲ್ಲಿ ಎಳೆಯ ಭಿಕ್ಷುಗಳು ಚಪ್ಪಾಳೆ ತಟ್ಟಿ ವಾದ ಮಾಡುತ್ತಿದ್ದ ದೃಶ್ಯ ಇನ್ನೂ ಕಣ್ಣಮುಂದಿದೆ. ಹೊರಗೆ ಹೊಲ, ಹಸು, ರತ್ನಗಂಬಳಿಯ ಮಗ್ಗ. ಬೆಳೆ ಮುಗಿದ ತಿಂಗಳುಗಳಲ್ಲಿ ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸ್ವೆಟರುಗಳನ್ನು ಉದ್ದರಿಗೆ ತಂದು ಊರೂರು ಮಾರಿ ಬಂದು ಸಾಲ ತೀರಿಸುತ್ತಿದ್ದರು. ಮಾತು ಕೊಟ್ಟ ದಿನಕ್ಕೆ ಹಣ ತಲುಪಿಸುತ್ತಾರೆಂಬ ಹೆಸರು ಅವರಿಗಿತ್ತು. ಇವರಂತಿರಬೇಕು ಜನವೆಂದರೆ ಎಂದು ಅಂದು ನಾವು ಮೆಚ್ಚಿ ಹಿಂದಿರುಗಿದೆವು.

ಇನ್ನು ಸುಳ್ಯದವರ ಸಂಗತಿ. ಅವರ ಕಥೆಗೆ ಸುಮಾರು 200 ವರ್ಷಗಳ ಆಳವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಕಾಫಿ ಹಾಕಿದಾಗ ತಮಿಳು ಜಿಲ್ಲೆಗಳ ಬಡವರನ್ನು ಮೇಸ್ತ್ರಿಗಳ ಮೂಲಕ ಕರೆದೊಯ್ದರು. ಅವರಲ್ಲಿ ಬಹುಪಾಲು ದಲಿತರು. 1869ರಲ್ಲಿ ಅಲ್ಲಿನ ಕಾಫಿಗೆ ಎಲೆ ತುಕ್ಕು ರೋಗ ತಗುಲಿತು. ನಮ್ಮ ಚಿಕ್ಕಮಗಳೂರು ಸೀಮೆಯ ತೋಟದವರನ್ನೂ ಮುಂದೆ ಕಾಡಿದ ರೋಗವದು. ಸಿಲೋನಿನಲ್ಲಿ ಕಾಫಿ ಅಳಿದು ಚಹಾ ಬಂದಿತು. ಬೆಳೆ ಬದಲಾದರೂ ಕೂಲಿಯ ಲೈನ್ ಮನೆಗಳು ಬದಲಾಗಲಿಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಲೈನ್ ಮನೆಗಳನ್ನು ಕಂಡವರಿಗೆ ಅದೇನೆಂದು ವಿವರಿಸಬೇಕಿಲ್ಲ. ಆ ಮನೆಗಳಲ್ಲಿ ಹುಟ್ಟಿ, ಆ ಮನೆಗಳಲ್ಲಿಯೇ ಸತ್ತ ನಾಲ್ಕೈದು ತಲೆಮಾರಿನವರ ಬೆವರಿನಿಂದ ಸಿಲೋನಿನ ಬೊಕ್ಕಸ ತುಂಬಿತು.

1948ರಲ್ಲಿ ಸಿಲೋನು ಸ್ವತಂತ್ರವಾಯಿತು. ಅದೇ ವರ್ಷ ಮಾಡಿದ ಪೌರತ್ವ ಕಾಯಿದೆಯು ಈ ತೋಟದ ತಮಿಳರಲ್ಲಿ ಬಹುತೇಕರನ್ನು ಯಾವ ದೇಶದವರೂ ಅಲ್ಲದವರನ್ನಾಗಿ ಮಾಡಿತು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಮಾತು ಮುಂದಕ್ಕೆ. 1974ರಲ್ಲಿ ಅದನ್ನೂ ಸಮಪಾಲು ಮಾಡಿಕೊಂಡರು. ಅಣ್ಣತಮ್ಮಂದಿರು ಪಾಲಾಗುವಾಗ ಎತ್ತು ಹಸುಗಳನ್ನು ಎಣಿಸುವಂತೆ ಮನುಷ್ಯರನ್ನು ಎಣಿಸಿದ ಕಾಲವದು. ಒಂದೇ ಮನೆಯ ಒಬ್ಬ ಮಗ ಇತ್ತ, ಇನ್ನೊಬ್ಬ ಅತ್ತ ಆದ ಉದಾಹರಣೆಗಳಿವೆ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದು, ಮಂಡಪಂ ಶಿಬಿರದಲ್ಲಿ ಇಳಿದು, ಕೈಯಲ್ಲೊಂದು ಫ್ಯಾಮಿಲಿ ಕಾರ್ಡ್ ಹಿಡಿದು ಅವರು ಬೇರೆ ಬೇರೆ ಕಡೆಗೆ ಹೊರಟರು. 1984ರಲ್ಲಿ ಹಡಗು ನಿಲ್ಲುವ ವೇಳೆಗೆ ಹೀಗೆ ಬಂದವರು ನಾಲ್ಕು ಲಕ್ಷಕ್ಕೂ ಅಧಿಕ.

ಅವರಲ್ಲಿ ಕೆಲವು ಕುಟುಂಬಗಳಿಗೆ ನೀಲಗಿರಿಯ ಚಹಾ ತೋಟಗಳಲ್ಲಿ, ಕೆಲವರಿಗೆ ಕೇರಳದ ರಬ್ಬರ್ ತೋಟಗಳಲ್ಲಿ, ಕೆಲವರಿಗೆ ಆಂಧ್ರದ ನೂಲಿನ ಗಿರಣಿಗಳಲ್ಲಿ ಕೆಲಸ ಗೊತ್ತಾಯಿತು. ಕರ್ನಾಟಕಕ್ಕೆ ಬಂದವರಿಗಾಗಿ ಸುಳ್ಯ, ಪುತ್ತೂರು ಭಾಗದ ಅರಣ್ಯಭೂಮಿಯಲ್ಲಿ ರಬ್ಬರ್ ತೋಟಗಳನ್ನು ಎಬ್ಬಿಸಲಾಯಿತು. ಆ ತೋಟಗಳು 1971ರಲ್ಲಿ ಸ್ಥಾಪನೆಯಾದ ಅರಣ್ಯ ಅಭಿವೃದ್ಧಿ ನಿಗಮಕ್ಕೆ ಸೇರಿದವು. ರಬ್ಬರ್ ಗಿಡ ಹಾಲು ಕೊಡಲು ಏಳು ವರ್ಷ ಬೇಕು. ಆ ಏಳು ವರ್ಷ ಗುಡ್ಡ ಕಡಿದು, ಗುಂಡಿ ತೋಡಿ, ಸಸಿ ನೆಟ್ಟು ಸಾಕಿದವರು ಇವರೇ. ಬೆಳಗಿನ ಜಾವದ ತಂಪಿನಲ್ಲಿ ಹಾಲು ಹೆಚ್ಚು ಇಳಿಯುವುದರಿಂದ ಬೆಳಕು ಹರಿಯುವ ಮುನ್ನವೇ ತೋಟಕ್ಕಿಳಿದು, ಮರದಿಂದ ಮರಕ್ಕೆ ತೊಗಟೆ ಕೊಯ್ಯುತ್ತ ಹೋಗುವುದು ಅವರ ನಿತ್ಯದ ದುಡಿಮೆ. ಇದನ್ನು ಕಂಡವರು ಯಾರೂ ಇವರನ್ನು ಸೋಮಾರಿಗಳೆಂದು ಹೇಳಲಾರರು.

ಹತ್ತು ವರ್ಷಗಳ ಹಿಂದೆ ಸುಬ್ರಹ್ಮಣ್ಯದ ಕಡೆ ಉಪನ್ಯಾಸಕ್ಕೆ ಹೋದಾಗ ಅಂಥದೊಂದು ಕಾಲೋನಿಗೆ ನಮ್ಮನ್ನು ಅಲ್ಲಿನ ಶಿಕ್ಷಕರೊಬ್ಬರು ಕರೆದೊಯ್ದಿದ್ದರು. ಎಪ್ಪತ್ತು ದಾಟಿದ ಒಬ್ಬ ತಾಯಿ ಕಬ್ಬಿಣದ ಪೆಟ್ಟಿಗೆಯಿಂದ ಮಾಸಿದ ಫ್ಯಾಮಿಲಿ ಕಾರ್ಡನ್ನು ತೆಗೆದು ತೋರಿಸಿದರು. ಹಡಗಿನ ದಿನಾಂಕ, ಮಕ್ಕಳ ಹೆಸರು, ಒಂದು ಮುದ್ರೆ. ನಾವು ಸುಮ್ಮನಿರದೆ, "ಟಿಬೆಟಿನವರ ಹಾಗೆ ನೀವೂ ಒಂದು ಸಹಕಾರ ಸಂಘ ಮಾಡಿ ಮೇಲೆ ಬರಬಹುದಿತ್ತಲ್ಲ ತಾಯಿ" ಎಂದೆವು. ಆಕೆ ನಕ್ಕರು. "ಸಂಘ ಮಾಡಿ ಏನನ್ನು ಮಾರುವುದು ಸ್ವಾಮಿ? ಮರ ನಮ್ಮದಲ್ಲ, ಹಾಲು ನಮ್ಮದಲ್ಲ, ಈ ಮನೆ ನಮ್ಮದಲ್ಲ. ಅಲ್ಲಿ ನಮ್ಮನ್ನು ಇಂಡಿಯದವರು ಅಂತ ಹೇಳ್ತಿದ್ದರು. ಇಲ್ಲಿ ಸಿಲೋನಿನವರು ಅಂತ ಹೇಳ್ತಾರೆ" ಎಂದರು. ಆ ದಿನ ನಮ್ಮ ಉಪನ್ಯಾಸದ ವಿಷಯ ಕಾಯಕ ತತ್ತ್ವ. ಸಭೆಯಲ್ಲಿ ನಿಂತಾಗ ಮಾತು ಎಂದಿನಂತೆ ಹರಿಯಲಿಲ್ಲ. ಕಾಯಕದ ಫಲ ಕಾಯಕ ಮಾಡಿದವನ ಕೈಗೆ ಹೋಗದಿರುವಾಗ, ಕಾಯಕ ಮಾಡು ಎಂದು ಅವನಿಗೆ ಉಪದೇಶಿಸುವ ಅಧಿಕಾರ ನಮಗೆಲ್ಲಿಯದು?

ಓದುಗ ಬಂಧುಗಳು ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಟಿಬೆಟಿನ ಕುಟುಂಬಕ್ಕೆ ನೆಲ ಸಿಕ್ಕಿತು. ಸಿಲೋನಿನ ಕುಟುಂಬಕ್ಕೆ ನೌಕರಿ ಸಿಕ್ಕಿತು. ನೆಲವಿದ್ದವನ ಮಗ ಬೆಳೆ ಬದಲಿಸಬಹುದು, ಹಸು ಕಟ್ಟಬಹುದು, ವ್ಯಾಪಾರಕ್ಕೆ ಹೊರಡಬಹುದು; ಸೋತರೆ ಹಿಂದಿರುಗಲು ಮನೆಯಿದೆ. ತೋಟದ ವಸತಿ ತೋಟದ ಕೆಲಸಕ್ಕೆ ಅಂಟಿಕೊಂಡದ್ದು. ಮನೆ ಉಳಿಯಬೇಕಾದರೆ ಮನೆಯಲ್ಲಿ ಒಬ್ಬರಾದರೂ ತೋಟಕ್ಕೆ ಹೋಗಲೇಬೇಕು. ತಂದೆಯ ಕೂಲಿ ಮಗನಿಗೆ ಇಳಿದುದಕ್ಕೆ ಕಾರಣ ಹುಟ್ಟುಗುಣವಲ್ಲ, ತಲೆಯ ಮೇಲಿನ ಸೂರು. ರಬ್ಬರಿನ ಬೆಲೆ 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿ 2016ರ ಆರಂಭದಲ್ಲಿ 100ರ ಕೆಳಗಿಳಿಯಿತು. ಅಂಥ ಏರಿಳಿತದಲ್ಲಿ ನೆಲದೊಡೆಯ ಬೇರೆ ದಾರಿ ನೋಡುತ್ತಾನೆ, ಕೂಲಿಯವನು ಕಾಯುತ್ತಾನೆ.

ಎರಡನೆಯದಾಗಿ, ಟಿಬೆಟಿನವರು ತಮ್ಮ ಗುರುಗಳೊಡನೆ, ವಿಹಾರಗಳೊಡನೆ, ಮುಖಂಡರೊಡನೆ ಒಂದು ಸಮಾಜವಾಗಿ ಬಂದರು. ಸಿಲೋನಿನವರು ಒಂದೊಂದು ಕಾರ್ಡಿಗೆ ಒಂದೊಂದು ಕುಟುಂಬವಾಗಿ ಬಂದರು. ಒಂದೇ ತೋಟದ ನೆರೆಹೊರೆಯವರು ನಾಲ್ಕು ರಾಜ್ಯಗಳಿಗೆ ಚದುರಿದರು. ಟಿಬೆಟಿನ ದುಃಖವನ್ನು ಲೋಕವೆಲ್ಲ ಕೇಳಿತು. ಚಹಾ ತೋಟದ ದಲಿತರ ದುಃಖಕ್ಕೆ ಅಂಥ ಕಿವಿಗಳು ಸಿಗಲಿಲ್ಲ. ಇದರ ಮೇಲೆ ಜಾತಿ ಪ್ರಮಾಣಪತ್ರದ ಕಗ್ಗಂಟು ಬೇರೆ. ಪರಿಶಿಷ್ಟ ಜಾತಿಯ ಸವಲತ್ತಿಗೆ 1950ರಲ್ಲಿ ಕುಟುಂಬ ಯಾವ ರಾಜ್ಯದಲ್ಲಿತ್ತೆಂದು ಕಾನೂನು ಕೇಳುತ್ತದೆ. ಆ ವರ್ಷ ಸಮುದ್ರದಾಚೆಯಲ್ಲಿದ್ದವರು ಏನೆಂದು ಉತ್ತರಿಸಬೇಕು? ಅಸ್ಪೃಶ್ಯತೆಯ ಭಾರವನ್ನು ಹೊತ್ತುಕೊಂಡೇ ಹೋಗಿ ಹೊತ್ತುಕೊಂಡೇ ಬಂದವರು, ಅದರ ಪರಿಹಾರದ ಕಾಗದಕ್ಕಾಗಿ ಬಹುಕಾಲ ಕಚೇರಿಗಳನ್ನು ಅಲೆಯಬೇಕಾಯಿತು.

ಹಾಗಾದರೆ ಟಿಬೆಟಿನವರು ಸುಖಿಗಳೇ? ಇಲ್ಲಿಯೂ ನಮ್ಮ ಮೆಚ್ಚುಗೆ ಅರ್ಧ ಸತ್ಯವೇ ಆಗಿತ್ತು. ಬೈಲಕುಪ್ಪೆಯಲ್ಲಿ ಹುಟ್ಟಿ, ಕನ್ನಡ ಮಾತನಾಡಿ, ಪದವಿ ಪಡೆದ ಹುಡುಗಿಯೂ ಕಾನೂನಿನ ಕಣ್ಣಿನಲ್ಲಿ ಬಹುಮಟ್ಟಿಗೆ ವಿದೇಶೀಯಳು. ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರದ ಮೇಲೆ ಆಕೆಯ ಬಾಳು ನಿಂತಿದೆ. ಸರಕಾರಿ ನೌಕರಿಯಿಲ್ಲ. ಉಳುವ ನೆಲ ತನ್ನ ಹೆಸರಿನಲ್ಲಿಲ್ಲವಾದ್ದರಿಂದ ಅದರ ಮೇಲೆ ಬ್ಯಾಂಕಿನ ಸಾಲ ಹುಟ್ಟುವುದು ಕಷ್ಟ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿಯೂ, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ಎತ್ತಿ ಹಿಡಿದವು. ಆದರೂ ಮರಳಿ ತಾಯ್ನಾಡಿಗೆ ಹೋಗುವ ಆಸೆ ಬಿಟ್ಟಂತಾಗುವುದೆಂದು ಪೌರತ್ವ ಕೇಳದವರು ಅನೇಕರಿದ್ದಾರೆ. 2014ರಲ್ಲಿ ಕೇಂದ್ರ ಸರಕಾರ ಟಿಬೆಟಿನವರ ಪುನರ್ವಸತಿ ನೀತಿಯನ್ನು ಹೊರಡಿಸಿ, ನೆಲದ ಗುತ್ತಿಗೆಗೂ ಕಲ್ಯಾಣ ಯೋಜನೆಗಳಿಗೂ ದಾರಿ ಮಾಡಿತು. ಆದರೆ ಯುವಕರು ಕಾಯುತ್ತಿಲ್ಲ. 2009ರ ಅವರದೇ ಗಣತಿಯಲ್ಲಿ ಭಾರತದಲ್ಲಿ ಸುಮಾರು 94 ಸಾವಿರ ಇದ್ದ ಟಿಬೆಟಿನವರ ಸಂಖ್ಯೆ ಅಲ್ಲಿಂದೀಚೆಗೆ ಇಳಿಯುತ್ತಲೇ ಬಂದಿದೆ. ಕೆನಡಾ, ಅಮೆರಿಕ, ಯುರೋಪುಗಳಿಗೆ ಎರಡನೆಯ ಸಲ ವಲಸೆ ನಡೆದಿದೆ. ಎಷ್ಟೋ ಹೊಲಗಳಲ್ಲಿ ಇಂದು ದುಡಿಯುವವರು ಸುತ್ತಲಿನ ಹಳ್ಳಿಗಳ ನಮ್ಮವರೇ. ಚಿನ್ನದ ಗುಡಿ ನೋಡಲು ಜನ ಬರುತ್ತಾರೆ. ಮನೆಗಳಲ್ಲಿ ಮುದುಕರು ಮಣಿ ಎಣಿಸುತ್ತ ಕುಳಿತಿರುತ್ತಾರೆ.

ಇತ್ತ ಸುಳ್ಯದ ಮೊಮ್ಮಕ್ಕಳು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು ಆಡುತ್ತ ಬೆಳೆದು ಮಂಗಳೂರು ಬೆಂಗಳೂರುಗಳಲ್ಲಿ ಕೆಲಸ ಹಿಡಿಯುತ್ತಿದ್ದಾರೆ. ಅವರಿಗೆ ಮತವಿದೆ. ಪಂಚಾಯಿತಿಗೆ ನಿಲ್ಲುವ ಹಕ್ಕಿದೆ. ಯಾರೂ ಅವರನ್ನು ಪತ್ರ ನವೀಕರಿಸು ಎಂದು ಕರೆಯುವಂತಿಲ್ಲ. ಒಬ್ಬರಿಗೆ ನೆಲ ಸಿಕ್ಕಿತು, ನಾಡು ಸಿಗಲಿಲ್ಲ. ಇನ್ನೊಬ್ಬರಿಗೆ ನಾಡು ಸಿಕ್ಕಿತು, ನೆಲ ಸಿಗಲಿಲ್ಲ. ಎರಡೂ ಕೂಡಿದಲ್ಲದೆ ಮನುಷ್ಯ ಒಂದೆಡೆ ಬೇರು ಬಿಡಲಾರನೆಂಬುದನ್ನು ಈ ಇಬ್ಬರೂ ನಮಗೆ ಕಲಿಸುತ್ತಾರೆ.

ಇದರಲ್ಲಿ ಹುಟ್ಟುಗುಣದ ಮಾತು ಎಲ್ಲಿ ಬಂದಿತು? ನಮ್ಮ ಸಮಾಜವೂ ಒಂದು ಕಾಲಕ್ಕೆ ವಿದ್ಯೆಯಲ್ಲಿ ಹಿಂದುಳಿದದ್ದೇ. ಬೆಳಗಾವಿಯಲ್ಲಿ 1916ರಲ್ಲಿ ಏಳು ಜನ ತರುಣ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟದಿದ್ದರೆ, ಸಿದ್ಧಗಂಗೆಯಂಥ ಕ್ಷೇತ್ರಗಳಲ್ಲಿ ಉಚಿತ ಪ್ರಸಾದ ನಿಲಯಗಳು ಏಳದಿದ್ದರೆ, ನಮ್ಮ ಎಷ್ಟು ಮಕ್ಕಳು ಓದುತ್ತಿದ್ದರು? ನಾವೂ ಮಠದ ಅನ್ನವುಂಡು ಅಕ್ಷರ ಕಲಿತವರೇ. ನಮ್ಮ ತಂದೆಯವರಿಗಿದ್ದ ಎರಡು ಎಕರೆ ಖುಷ್ಕಿಯಲ್ಲಿ ಬರಗಾಲದ ವರ್ಷ ರಾಗಿಯೂ ಆಗುತ್ತಿರಲಿಲ್ಲ. ಮಠವಿಲ್ಲದಿದ್ದರೆ ನಾವು ಘಟ್ಟದ ಮೇಲಿನ ಕಾಫಿ ತೋಟದ ಲೈನ್ ಮನೆಯನ್ನೇ ಸೇರುತ್ತಿದ್ದೆವು. ಆಗ ಯಾರಾದರೂ ನಮ್ಮನ್ನು ತೋರಿಸಿ ಹುಟ್ಟುಗುಣ ಎನ್ನುತ್ತಿದ್ದರು.

ಟಿಬೆಟಿನವರ ನೆಲೆಗಳಲ್ಲಿ ಕೆಲಸ ಮಾಡಿದ ಮೈರಾಡ ಸಂಸ್ಥೆ ಆಮೇಲೆ ನಮ್ಮದೇ ಬಡ ಹಳ್ಳಿಗಳತ್ತ ತಿರುಗಿತು. 1980ರ ದಶಕದ ನಡುವಿನಿಂದ ಅದು ಬೆಳೆಸಿದ ಸ್ವಸಹಾಯ ಗುಂಪುಗಳು ನಬಾರ್ಡ್ ಬ್ಯಾಂಕಿನ ಮೂಲಕ 1992ರಲ್ಲಿ ಬ್ಯಾಂಕು ಸಾಲದ ಜೋಡಣೆ ಪಡೆದವು. ಇಂದು ನಮ್ಮ ಹೆಣ್ಣುಮಕ್ಕಳು ವಾರವಾರ ಸೇರಿ ಉಳಿತಾಯ ಹಾಕುವ ಪದ್ಧತಿಯ ಹಿಂದೆ ಈ ಇತಿಹಾಸವೂ ಇದೆ. ಬಂದವರಿಗೆ ಮಾಡಿದ ಉಪಕಾರ ಇದ್ದವರಿಗೂ ಫಲ ಕೊಟ್ಟಿತು.

ಪುನಃ ಚೌಳಹಿರಿಯೂರಿಗೆ ಬರೋಣ. ಆ ದಿನ ಸಂಜೆ ಯಜಮಾನರು ತಮ್ಮ ತೆಂಗಿನ ತೋಟ ತೋರಿಸಲು ಕರೆದೊಯ್ದರು. ಮೋಟಾರು ಮನೆಯಲ್ಲಿ ಅಸ್ಸಾಮಿನ ಕಡೆಯ ಒಂದು ಕುಟುಂಬ ಬಿಡಾರ ಮಾಡಿತ್ತು. ಗಂಡ ಹೆಂಡತಿ ಕಾಯಿ ಸುಲಿಯುತ್ತಿದ್ದರು. ಏಳೆಂಟು ವರ್ಷದ ಹುಡುಗನೊಬ್ಬ ಸಿಪ್ಪೆಯ ರಾಶಿಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದನು. "ಇವನ ಹೆಸರೇನು?" ಎಂದು ಕೇಳಿದೆವು. ಯಜಮಾನರಿಗೆ ಗೊತ್ತಿರಲಿಲ್ಲ. ಕುಟುಂಬ ಬಂದು ಒಂದೂವರೆ ವರ್ಷವಾಗಿತ್ತು. "ಶಾಲೆಗೆ?" ಎಂದೆವು. "ಅವರ ಹತ್ರ ಕಾಗದ ಪತ್ರ ಏನೂ ಇಲ್ಲ ಶಾಸ್ತ್ರಿಗಳೇ, ಯಾರು ಸೇರಿಸ್ಕೋತಾರೆ?" ಎಂದರು.

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆಯಿಲ್ಲ, ವರ್ಗಾವಣೆ ಪತ್ರವಿಲ್ಲ ಎಂಬ ಕಾರಣಕ್ಕೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಇದನ್ನು ಅವರಿಗೆ ತಿಳಿಸಿದೆವು. ಅವರ ಸ್ವಂತ ಮೊಮ್ಮಗ ಕೆನಡಾದಲ್ಲಿ ಓದುತ್ತಿದ್ದಾನೆ. ಅಲ್ಲಿನ ಮನೆಯೊಡೆಯರು ಚಳಿಗೆ ಹೊದಿಕೆ ಕೊಟ್ಟು ಆದರಿಸಿದರೆಂದು ಬೆಳಿಗ್ಗೆಯಷ್ಟೇ ಅವರು ಹೆಮ್ಮೆಯಿಂದ ಹೇಳಿದ್ದರು. ಅದನ್ನು ನಾವು ನೆನಪಿಸಲಿಲ್ಲ. ಅವರೇ ನೆನೆದುಕೊಂಡರೆಂದು ಕಾಣುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗನನ್ನು ಹತ್ತಿರ ಕರೆದು ತಾವೇ ಹೆಸರು ಕೇಳಿದರು.

ಮನೆಗಳಲ್ಲಿ ಈ ಅಂಕಣವನ್ನು ಓದುವ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮದೊಂದು ಪ್ರಾರ್ಥನೆ. ನಿಮ್ಮ ತೋಟದ ಮನೆಯಲ್ಲಿ, ಕಟ್ಟಡದ ಪಕ್ಕದ ಗುಡಿಸಲಿನಲ್ಲಿ ಇರುವವರು ಯಾರು, ಎಲ್ಲಿಂದ ಬಂದರು, ಅವರ ಮಕ್ಕಳು ಎಲ್ಲಿ ಓದುತ್ತಾರೆ ಎಂದು ಈ ವಾರ ಒಮ್ಮೆ ಕೇಳಿ. ಒಂದು ಜನ ಮೂರು ತಲೆಮಾರಿನಲ್ಲಿ ಏನಾಗುತ್ತದೆಂಬುದು ಬಂದ ಮೊದಲ ವರ್ಷಗಳಲ್ಲಿ ನೆರೆಯವರು ಅವರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ. ದಾಸೋಹವೆಂದರೆ ಎಲೆಯ ಮೇಲಿನ ಅನ್ನ ಮಾತ್ರವಲ್ಲ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಬರೆಸುವುದೂ ದಾಸೋಹವೇ.